ತೊಟ್ಟಿನ ಹಾಲು

ಸಫೋಕ್ ಸೀಮೆಯ ಆ ಹಳ್ಳಿಯಲ್ಲಿ ಮುದುಕ ಕ್ಲೆಮೆಂಟನ ಜೊತೆ ವಾಕಿಂಗ್ ಹೊರಟವರು ಯಾರೂ ಊಟದ ಹೊತ್ತಿಗೆ ಮನೆ ಸೇರಿದ್ದಿಲ್ಲ; ಬೇಲಿಸಾಲಿನಲ್ಲಿ ಐದು ಬೆರಳು ಚಾಚಿದಂಥ ಎಲೆಯೊಂದು ಕಂಡರೆ ಸಾಕು, ಅವನ ಕಾಲಿಗೇ ಬೇರು ಬಿಡುತ್ತದೆ. ಎಲೆ ಕಿತ್ತು, ತೊಟ್ಟು ಮುರಿದು, ಎದುರಿಗಿದ್ದವರ ಮೂಗಿನ ತುದಿಗೇ ಹಿಡಿಯುತ್ತಾನೆ. ಬಿಳಿ ಹಾಲು ಜಿನುಗಿದರೆ, "ನೋಡಿ, ಇದು ನಮ್ ಮೇಪಲ್ಲು, ಅಪ್ಪಟ ಈ ಮಣ್ಣಿಂದು" ಎಂದು ಟೋಪಿ ತೆಗೆಯುತ್ತಾನೆ, ಅಂಥದೇ ಎಲೆಯ ಪರದೇಶಿ ಮರವಾಗಿ ಬರೀ ನೀರು ಬಂದರೆ, "ಥೂ, ಸಿಕಮೋರು! ಎಲ್ಲಿಂದ್ಲೋ ಬಂದು ಒಕ್ಕರಿಸಿದ್ದು" ಎಂದು ಮುಖ ಸಿಂಡರಿಸುತ್ತಾನೆ. ರೆಂಬೆಯ ಮೇಲೆ ಬೆಂಡಿನಂಥ ಏಣು ಕಂಡರೂ, ಬೀಜದ ಜೋಡಿರೆಕ್ಕೆ ನೆಟ್ಟಗೆ ಅಡ್ಡ ಚಾಚಿದ್ದರೂ, ಮೇಪಲ್ಲಿನ ಆ ಗುರುತುಗಳ ಮೇಲೆ ಅವನಿಗೆ ನಂಬಿಕೆಯಿಲ್ಲ, ತೊಟ್ಟು ಮುರಿಯಲೇಬೇಕು. "ಹಾಲಿನ ಚಿಂತೆ ಇಷ್ಟಿದ್ರೆ ಒಂದು ಹಸು ಕಟ್ಕೋಬಾರ್ದಾ ಕ್ಲೆಮೆಂಟಣ್ಣ?" ಎಂದು ಪಬ್ಬಿನ ಡೋರಿನ್ ರೇಗಿಸಿದರೆ, "ಹೌದು ಕಣಮ್ಮ, ಹಸು ಆದ್ರೆ ಜನವರೀಲೂ ಹಾಲು ಕೊಡುತ್ತೆ" ಎನ್ನುತ್ತಾನೆ. ಹೊಸಬರು ನಗುತ್ತಾರೆ, ಹಳಬರು ತಮ್ಮ ಲೋಟದೊಳಗೆ ನೋಡುತ್ತಾರೆ. ಹೆಂಡತಿ ಬೆರಿಲ್ ಸಾಯುವ ಮುಂಚೆ ಕೇಳಿಕೊಂಡಿದ್ದು ಒಂದೇ, ತನ್ನನ್ನು ಈ ನಾಡಿನ ಮೇಪಲ್ಲಿನ ಬುಡದಲ್ಲಿ ಮಣ್ಣು ಮಾಡಬೇಕೆಂದು. ಅದು ಜನವರಿ, ಒಬ್ಬೊಬ್ಬರನ್ನು ಒಂದೊಂದು ಮರದ ಬುಡದಲ್ಲಿ ಹೂಳುವ, ಕಾಡಿನಂಥ ಮಸಣದಲ್ಲಿ ಒಂದು ಮರದಲ್ಲೂ ಎಲೆಯಿರಲಿಲ್ಲ. ಆಗಿನ್ನೂ ಮರಗಳ ಗಂಧಗಾಳಿಯೇ ಇಲ್ಲದ ಕ್ಲೆಮೆಂಟ್, ಎಲ್ಲರೂ ಕಾಯುತ್ತಿದ್ದಾರಲ್ಲ ಎಂಬ ಸಂಕೋಚಕ್ಕೆ, "ಇದೇ" ಎಂದು ಒಂದರತ್ತ ಬೆರಳು ತೋರಿಸಿಬಿಟ್ಟ. ಅದು ಚಿಗುರಿದ ಮೇಲೆ ಹೋಗಿ ತೊಟ್ಟು ಮುರಿದರೆ, ಬಂದದ್ದು ನೀರು. ಇಂದಿಗೂ ಪ್ರತಿ ವಸಂತದಲ್ಲಿ ಅಲ್ಲಿಗೆ ಹೋಗುತ್ತಾನೆ; ಅವಳಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ನಿಂತು, ಆ ಮರದ ಇನ್ನೊಂದು ತೊಟ್ಟು ಮುರಿದು ನೋಡುತ್ತಾನೆ.