ಹೋರಿಯ ಲಾರಿಗೆ ಮೊದಲ ಸರದಿ

ಕಬ್ಬಿಣದ ಬೀರು ಮಾಡುವ ಕಾರ್ಖಾನೆಯ ಹಿಂಬಾಗಿಲಲ್ಲಿ ಯಾರದಾದರೂ ಒಂದು ಹಲ್ಲು ಉದುರದೆ ವಾರ ಕಳೆಯುತ್ತಿರಲಿಲ್ಲ. ಮುಂಬಾಗಿಲಿಗೆ ಗಾಜು, ಹೂಕುಂಡ, ಬಂದವರನ್ನು ನಗುತ್ತ ಕೂರಿಸುವ ಹುಡುಗಿ. ಹಿಂಬಾಗಿಲಿಗೆ ಎಣ್ಣೆ ಕುಡಿದು ಕಪ್ಪಾದ ಅಂಗಳ, ಎದೆಯೆತ್ತರದ ಸಿಮೆಂಟು ಕಟ್ಟೆ, ಮೂತಿ ಮುಂದೆ ಮಾಡಿಕೊಂಡು ನಿಂತ ಲಾರಿಗಳು. ಬೀರು, ಮಂಚ, ಕಪಾಟು ಎಲ್ಲವೂ ಆ ಕಟ್ಟೆಯ ಮೇಲಿಂದಲೇ ಲಾರಿಗೆ ಹೋಗಬೇಕು. ಮೊದಲು ತುಂಬಿಸಿಕೊಂಡವನು ಬಿಸಿಲೇರುವ ಮುಂಚೆ ಮಾಲು ಇಳಿಸಿ ಇನ್ನೊಂದು ಬಾಡಿಗೆಗೆ ಹೋಗಿರುತ್ತಾನೆ. ಕೊನೆಯವನು ಲಾರಿಯ ನೆರಳಲ್ಲಿ ಬಿದ್ದುಕೊಂಡು ಆಕಾಶ ನೋಡುತ್ತಿರುತ್ತಾನೆ. ಹಾಗಾಗಿ ಅಲ್ಲಿ ಸರದಿ ಎಂದರೆ ಹೊಟ್ಟೆಪಾಡು, ಹೊಟ್ಟೆಪಾಡು ಎಂದರೆ ಗುದ್ದಾಟ.

ಆ ಬಾಗಿಲು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಬಾಗಿಲಕ್ಕ ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಹೆಂಗಸು. ತಗಡಿನ ಅಂಚು ಗೀರಿ ಗೀರಿ ಎರಡೂ ಮುಂಗೈ ಹಳೇ ಹಲಗೆಯ ಹಾಗಾಗಿದ್ದವು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಒಂದು ಕಂಪ್ಯೂಟರು. ಅದರಲ್ಲಿ ನೋಡಿ ಯಾವ ಲಾರಿಗೆ ಏನು ಹೋಗಬೇಕು, ಯಾರು ಮೊದಲು, ಯಾರು ಆಮೇಲೆ ಎಂದು ಕೂಗುವುದು ಅವಳ ಕೆಲಸ. ಒಮ್ಮೆ ಇಬ್ಬರು ಚಾಲಕರು ಒಬ್ಬರ ಕತ್ತು ಒಬ್ಬರು ಹಿಡಿದು ಕಟ್ಟೆಯಿಂದ ಕೆಳಗುರುಳಿದಾಗ, ಇಬ್ಬರ ಜುಟ್ಟನ್ನೂ ಹಿಡಿದು ತಲೆಗೆ ತಲೆ ಕುಟ್ಟಿದ್ದಳಂತೆ. ಬೇರೆಯಾದ ಮೇಲೆ, ಇಷ್ಟೊಂದು ಅಪ್ಪಿಕೊಳ್ಳೋ ಆಸೆ ಇದ್ದರೆ ಮನೆಗೆ ಹೋಗಿ ಹೆಂಡತಿಯರನ್ನು ಅಪ್ಪಿಕೊಳ್ಳಿ ಎಂದಳಂತೆ. ಮೂಗಿನಿಂದ ರಕ್ತ ಸುರಿಸುತ್ತಲೇ ಇಬ್ಬರೂ ನಕ್ಕರಂತೆ.

ಇಂಥ ಬಾಗಿಲಕ್ಕ ಒಬ್ಬನಿಗೆ ಮಾತ್ರ ಹೆದರುತ್ತಿದ್ದಳು. ಅವನು ಅವಳ ಒಡಹುಟ್ಟಿದ ತಮ್ಮ, ಹೋರಿ. ಹೆಸರೇ ಹೇಳುವ ಹಾಗೆ ಕುತ್ತಿಗೆಯೂ ಭುಜವೂ ಒಂದೇ ಆಗಿದ್ದ ಆಸಾಮಿ. ಅವನೂ ಅಲ್ಲೇ ಲಾರಿ ಓಡಿಸುತ್ತಿದ್ದ. ಯಾವಾಗ ಬಂದರೂ ಮೊದಲ ಸರದಿ ಅವನದೇ.

ಮೊದಲು ಆ ಬಾಗಿಲು ಅವಳ ಗಂಡನ ಸುಪರ್ದಿಯಲ್ಲಿತ್ತು. ಮೆತ್ತಗಿನ ಮನುಷ್ಯ, ಆದರೆ ಒಂದು ದಿನ ಅವನಿಗೂ ಸಾಕಾಯಿತು. ಹೆಂಡತಿಯ ತಮ್ಮನಾದರೂ ಸಾಲಲ್ಲಿ ನಿಲ್ಲಬೇಕಪ್ಪ ಎಂದುಬಿಟ್ಟ. ಹೋರಿ ಲಾರಿಗೆ ಹೋಗಿ ಜಾಕಿಯ ರಾಡು ತಂದ. ಮೊದಲ ಏಟು ಮೊಣಕಾಲಿಗೆ, ಭಾವ ಬಿದ್ದ ಮೇಲೆ ಎರಡನೆಯದೂ ಅದೇ ಮೊಣಕಾಲಿಗೆ. ಚಿಪ್ಪು ಒಡೆದ ಸದ್ದು ಅಂಗಳದ ಆ ತುದಿಗೆ ಕೇಳಿಸಿತು. ಅಲ್ಲಿದ್ದವರೆಲ್ಲ ನೋಡಿದರು; ಕೇಳಿದಾಗ ಯಾರೂ ನೋಡಿರಲಿಲ್ಲ. ಅಳಿಯ ಮೆಟ್ಟಿಲಲ್ಲಿ ಜಾರಿಬಿದ್ದ ಎಂದು ತಾಯಿಗೆ ಹೇಳಿದವಳು ಸ್ವತಃ ಬಾಗಿಲಕ್ಕ. ಗಂಡುಮಗನ ಮೇಲೆ ಪ್ರಾಣವನ್ನೇ ಇಟ್ಟಿದ್ದ ಮುದುಕಿಗೆ ಇನ್ನೇನು ಹೇಳುವುದು? ಗಂಡ ಅದನ್ನು ಸುಳ್ಳು ಎನ್ನಲಿಲ್ಲ. ಮನೆಯ ಕಿಟಕಿಯ ಬಳಿ ಕೂತು ನೆರೆಹೊರೆಯವರ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡತೊಡಗಿದ. ಹೋರಿ ಮನೆಗೆ ಬಂದರೆ ಕುಂಟುತ್ತ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ, ಅಷ್ಟೇ.

ಗಂಡನ ಕೆಲಸ ಅವಳಿಗೆ ಬಂತು. ಮೊದಲ ದಿನವೇ ಹೋರಿ ಅವಳ ಹೆಗಲ ಮೇಲೆ ಕೈಯಿಟ್ಟು, ಅಕ್ಕ ಇದ್ದಾಳೆ ಅಂದಮೇಲೆ ನನಗೇನು ಚಿಂತೆ ಎಂದ. ಕೈ ತೆಗೆದ ಮೇಲೂ ಹೆಗಲು ನೋಯುತ್ತಿತ್ತು. ಕಂಪ್ಯೂಟರಿನಲ್ಲಿ ಪ್ರತಿ ಲಾರಿಯ ಮುಂದೆ ಆದ್ಯತೆ ಎಂಬ ಒಂದು ಖಾನೆ ಇತ್ತು. ಉಳಿದವರ ಮುಂದೆ ಬಾಗಿಲಕ್ಕ ಐದು ಎಂದು ಹಾಕಿದಳು, ಹೋರಿಯ ಮುಂದೆ ಒಂದು ಎಂದು. ಆಮೇಲೆ ಅದನ್ನು ಮುಟ್ಟಲು ಹೋಗಲಿಲ್ಲ.

ಹೀಗಿರುವಾಗ ಕಾರ್ಖಾನೆಯ ಯಜಮಾನರು ಆನ್‌ಲೈನ್ ಅಂಗಡಿ ತೆರೆದರು. ಜನ ಮನೆಯಲ್ಲೇ ಕೂತು ಫೋನಿನಲ್ಲಿ ಬೀರು ಕೊಳ್ಳಲಿ ಎಂದು. ಕೊಂಡರು ಕೂಡ. ಆದರೆ ಅಂಗಡಿಗೆ ಗೋದಾಮು ಗೊತ್ತಿಲ್ಲ, ಗೋದಾಮಿಗೆ ಅಂಗಡಿ ಗೊತ್ತಿಲ್ಲ. ಅಂಗಡಿಯಲ್ಲಿ ಬಂದ ಆರ್ಡರನ್ನು ಆಫೀಸಿನ ಹುಡುಗಿಯೊಬ್ಬಳು ಕಣ್ಣು ಕಿರಿದು ಮಾಡಿಕೊಂಡು ಕಾರ್ಖಾನೆಯ ಸಾಫ್ಟ್‌ವೇರಿಗೆ ಒಂದೊಂದಾಗಿ ಟೈಪು ಮಾಡಬೇಕಿತ್ತು. ಅಷ್ಟರಲ್ಲಿ ಇಲ್ಲದ ಬೀರು ಇನ್ನೂ ನಾಲ್ಕು ಜನಕ್ಕೆ ಮಾರಾಟವಾಗಿರುತ್ತಿತ್ತು. ಅದಕ್ಕೆಂದೇ ಎರಡನ್ನೂ ಜೋಡಿಸಲು ಹೊರಗಿನಿಂದ ಒಬ್ಬ ಬಂದ. ತೆಳ್ಳಗಿನ ಯುವಕ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಡೆಯುವವನು. ಏನಪ್ಪ ನಿನ್ನ ಕೆಲಸ ಎಂದು ಹಮಾಲರು ಕೇಳಿದರು. ಆ ಕಡೆಯವರ ಮಾತು ಈ ಕಡೆಯವರಿಗೆ ಅರ್ಥವಾಗಲ್ಲ, ಈ ಕಡೆಯದು ಅವರಿಗಾಗಲ್ಲ, ನಾನು ಮಧ್ಯೆ ನಿಂತು ಎರಡನ್ನೂ ಹೊಂದಿಸುತ್ತೇನೆ ಎಂದ. ಹಾಗಾದರೆ ನೀನು ಮದುವೆ ದಲ್ಲಾಳಿ ಎಂದರು. ಅಂದಿನಿಂದ ಅವನು ದಲ್ಲಾಳಿಯೇ.

ದಲ್ಲಾಳಿ ನಿಜಕ್ಕೂ ಮದುವೆ ಕುದುರಿಸುವವನ ಹಾಗೆಯೇ ಎಲ್ಲವನ್ನೂ ಕೆದಕಿ ಕೇಳುತ್ತಿದ್ದ. ಅಂಗಡಿಯ ಈ ಖಾನೆಗೆ ಕಾರ್ಖಾನೆಯ ಯಾವ ಖಾನೆ ಸಮ? ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ, ವಿಳಾಸಕ್ಕೆ ವಿಳಾಸ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಬಾಗಿಲಕ್ಕನ ಕಂಪ್ಯೂಟರು ನೋಡುತ್ತಿದ್ದವನು ತಲೆಯೆತ್ತಿದ.

“ಅಕ್ಕ, ಎಲ್ಲ ಲಾರಿಗೂ ಐದು ಇದೆ. ಇದೊಂದಕ್ಕೆ ಮಾತ್ರ ಯಾವಾಗಲೂ ಒಂದು. ಯಾಕೆ?”

ಹೋರಿ ಅಲ್ಲೇ ಕಟ್ಟೆಗೆ ಒರಗಿ ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕೆರೆಯುವುದು ನಿಂತಿತು. ಹಮಾಲರು ಹೊತ್ತ ಮಂಚ ಹೊತ್ತಂತೆಯೇ ನಿಂತರು.

“ಅವನು ಬೇಗ ತಲುಪಿಸ್ತಾನೆ,” ಎಂದಳು ಬಾಗಿಲಕ್ಕ.

ಚಾಲಕರಲ್ಲೊಬ್ಬನಿಗೆ ಕೆಮ್ಮು ಬಂತು. ಹೋರಿ ಅತ್ತ ನೋಡಿದ, ಕೆಮ್ಮು ಹೋಯಿತು. ದಲ್ಲಾಳಿ ಖುಷಿಯಾಗಿ ಬರೆದುಕೊಂಡ. ಅವನಿಗೆ ಬೇಕಾಗಿದ್ದೂ ಅದೇ. ಅಂಗಡಿಯಲ್ಲಿ ‘ಇವತ್ತೇ ಮನೆಗೆ’ ಎಂಬ ಗುಂಡಿಯೊಂದಿತ್ತು, ಅದನ್ನು ಯಾವ ಲಾರಿಗೆ ಕಟ್ಟಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಕಟ್ಟಿದ. ಒಂದು ಎಂದಿರುವ ಲಾರಿಗೇ ಇವತ್ತಿನ ಮಾಲೆಲ್ಲ. ಅಂಗಡಿಯೂ ಕಾರ್ಖಾನೆಯೂ ಜೋಡಿಯಾದವು. ಯಜಮಾನರು ಎಲ್ಲರಿಗೂ ಟೀ ಕೊಡಿಸಿದರು.

ಇವತ್ತೇ ಮನೆಗೆ ಬರುತ್ತದೆ ಎಂದರೆ ನಾಳೆ ಬರಲಿ ಎನ್ನುವವರು ಯಾರು? ಕೊಂಡವರೆಲ್ಲ ಆ ಗುಂಡಿಯನ್ನೇ ಒತ್ತಿದರು. ಮೊದಲ ದಿನ ಹೋರಿಯ ಲಾರಿ ಬಾಯಿಮಟ್ಟ ತುಂಬಿತು. ಅವನು ಲಾರಿಯ ಕಿಟಕಿಯಿಂದ ತಲೆ ಹೊರಹಾಕಿ, ನೋಡ್ರೋ, ಗಂಡಸು ಯಾರು ಅಂತ ಕಂಪ್ಯೂಟರಿಗೂ ಗೊತ್ತು ಎಂದು ಕೂಗಿಕೊಂಡು ಹೋದ. ಎರಡನೆಯ ದಿನ ನಿನ್ನೆ ಉಳಿದದ್ದರ ಮೇಲೆ ಇವತ್ತಿನದು. ಆಮೇಲೆ ಬೀರುಗಳು ಕಟ್ಟೆಯ ಮೇಲೆ ಗೋಡೆಯ ಹಾಗೆ ಬೆಳೆದವು, ಎಲ್ಲವೂ ಅವನ ಹೆಸರಿಗೆ. ಉಳಿದ ಚಾಲಕರಿಗೆ ಊರಿನ ಅಂಗಡಿಗಳಿಗೆ ಮಾಲು ಒಯ್ಯುವ ಹಳೇ ಬಾಡಿಗೆ ಒಂದಷ್ಟು. ಅದು ಮುಗಿಸಿ ಇಸ್ಪೀಟು ಹರಡಿಕೊಂಡು ಕೂತರು. ಹೋರಿ ಹಾದುಹೋಗುವಾಗ ದಾರಿ ಬಿಟ್ಟು, ಹೋಗಪ್ಪ, ನೀನು ಬೇಗ ಹೋಗೋನು ಎನ್ನುತ್ತಿದ್ದರು. ಹಾಗೆಂದ ಒಬ್ಬನ ದವಡೆಯನ್ನು ಹೋರಿ ಒಂದೇ ಗುದ್ದಿಗೆ ಪಕ್ಕಕ್ಕೆ ಸರಿಸಿದ. ಅವನು ಆಮೇಲೆ ತಿಂಗಳುಗಟ್ಟಲೆ ಗಂಜಿಯ ಮೇಲಿದ್ದ.

ಬಾಗಿಲಕ್ಕ ಇದನ್ನೆಲ್ಲ ನೋಡುತ್ತಿದ್ದಳು. ಆ ಒಂದನ್ನು ಐದು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಐದು ಮಾಡಿದರೆ ಹೋರಿಗೆ ಮೊದಲ ಸರದಿ ಹೋಗುತ್ತದೆ. ಯಾಕೆ ಹೋಯಿತು ಎಂದು ಅವನು ರಾಡು ಹಿಡಿದು ಕೇಳುತ್ತಾನೆ. ಅದೂ ಗೊತ್ತಿತ್ತು. ಐದರ ಗುಂಡಿ ಒತ್ತಲು ಬೆರಳು ಎತ್ತುತ್ತಿದ್ದಳು, ಇಳಿಸುತ್ತಿದ್ದಳು.

ಊರಿನಲ್ಲಿ ಹೋರಿಯ ಗತಿ ಕೆಟ್ಟಿತು. ಫೋನು ಎತ್ತಿದರೆ ಬೈಗುಳ, ಎತ್ತದಿದ್ದರೆ ಕಾರ್ಖಾನೆಗೆ ದೂರು. ಲಿಫ್ಟ್ ಇಲ್ಲದ ಕಟ್ಟಡಗಳಿಗೆ ಬೀರು ಹೊತ್ತು ಹೊತ್ತು ಬೆನ್ನು ಸುಲಿದಿತ್ತು. ಕೊನೆಗೊಂದು ದಿನ, ಮಂಚಕ್ಕೆ ಕಾದು ಕಾದು ನೆಲದ ಮೇಲೆ ಮಲಗುತ್ತಿದ್ದ ಗೃಹಸ್ಥನೊಬ್ಬ, ಇವತ್ತೇ ಅಂದರೆ ಯಾವ ಶತಮಾನದ ಇವತ್ತಪ್ಪ ಎಂದು ಬಾಗಿಲಲ್ಲಿ ಕೇಳಿದ. ಹೋರಿ ಅವನ ಹಣೆಯನ್ನು ಅವನದೇ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಗೃಹಸ್ಥನ ಹೆಂಡತಿ ಕಿರುಚಿದಳು. ಮಹಡಿ ಮಹಡಿಯಿಂದ ಜನ ಇಳಿದುಬಂದರು. ಅವನು ತಂದ ಮಂಚದ ಕಾಲುಗಳನ್ನೇ ಬಿಚ್ಚಿ ಅವನಿಗೆ ಬಾರಿಸಿದರು. ಅವನ ಜನ್ಮದಲ್ಲಿ ಅಷ್ಟು ಏಟು ತಿಂದದ್ದು ಅದೇ ಮೊದಲು.

ನಡುಮಧ್ಯಾಹ್ನ ಲಾರಿ ಅಂಗಳಕ್ಕೆ ನುಗ್ಗಿತು. ಹೋರಿ ಇಳಿದ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಹರಿದು ಜೋತಾಡುತ್ತಿತ್ತು, ಕೈಯಲ್ಲಿ ರಾಡು. ಕಟ್ಟೆ ಹತ್ತಿದವನೇ ದಲ್ಲಾಳಿಯ ಕೊರಳಪಟ್ಟಿ ಹಿಡಿದೆತ್ತಿ ಬೀರುಗಳ ಗೋಡೆಗೆ ಬಡಿದ. ತಗಡು ಗುಡುಗಿತು. ಲ್ಯಾಪ್‌ಟಾಪು ಕೆಳಗೆ ಬಿತ್ತು, ಅದನ್ನು ಕಾಲಲ್ಲಿ ತುಳಿದ.

“ಊರಿನ ಮಾಲೆಲ್ಲ ನನ್ನೊಬ್ಬನ ತಲೆ ಮೇಲೆ ಹೇರಿದ್ದು ಯಾರೋ?”

ದಲ್ಲಾಳಿಯ ಬಾಯಲ್ಲಿ ರಕ್ತ ತುಂಬಿತ್ತು. ಉಗುಳಿ, “ನೀವು ಬೇಗ ಹೋಗ್ತೀರಂತಲ್ಲ, ಅಕ್ಕ ಹೇಳಿದ್ರು,” ಎಂದ. ಅವನಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ.

ಹೋರಿ ಕಂಪ್ಯೂಟರಿನ ಪಕ್ಕ ನಿಂತಿದ್ದ ಅಕ್ಕನ ಕಡೆ ತಿರುಗಿದ. ರಾಡು ದಲ್ಲಾಳಿಯ ಗಂಟಲಿಗೆ ಅಡ್ಡಲಾಗಿತ್ತು. “ಏನೇ, ನೀನು ಹೇಳಿದ್ದಾ?”

ಮೆಷಿನ್ನಿನ ತಪ್ಪು, ಇವನಿಗೆ ಕೆಲಸ ಬರೋದಿಲ್ಲ ಎಂದರೆ ಸಾಕಿತ್ತು. ಮಾತು ಬಾಗಿಲಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆಂದರೆ ಆ ರಾಡು ಯಾವ ಕಡೆಗೆ ಒತ್ತುತ್ತದೆ ಎಂಬುದೂ ಕಣ್ಣೆದುರಿಗಿತ್ತು. ದಲ್ಲಾಳಿಯ ಕಾಲುಗಳು ನೆಲ ಹುಡುಕುತ್ತಿದ್ದವು.

“ನಾನೇ ಹೇಳಿದ್ದು. ಸುಳ್ಳು ಹೇಳಿದೆ,” ಎಂದಳು. “ನೀನು ಯಾವತ್ತೂ ಬೇಗ ಹೋದವನಲ್ಲ. ನಿನಗೆ ಹೆದರಿ ಒಂದು ಹಾಕಿದ್ದೆ. ನನ್ನ ಗಂಡನ ಕಾಲು ಮುರಿದೆಯಲ್ಲ, ಆವತ್ತಿಂದ ಹೆದರಿದ್ದೀನಿ. ಇಲ್ಲಿರೋರೆಲ್ಲ ಹೆದರಿದ್ದಾರೆ. ಅದಕ್ಕೇ ನಿನಗೆ ಮೊದಲ ಸರದಿ.”

ಹೇಳುತ್ತಲೇ ಕಂಪ್ಯೂಟರಿನ ಮುಂದೆ ಬಾಗಿ ಒಂದನ್ನು ಅಳಿಸಿ ಐದು ಒತ್ತಿದಳು.

ಹೋರಿ ದಲ್ಲಾಳಿಯನ್ನು ಬಿಟ್ಟ. ರಾಡು ಬೀಸಿದ. ಅವಳು ಕೈ ಅಡ್ಡ ಹಿಡಿದಳು. ಮುಂಗೈ ಮೂಳೆ ಎರಡಾಗಿ ಕೈ ನಡುವೆ ಬಾಗಿತು. ಎರಡನೆಯ ಏಟು ಕೆನ್ನೆಗೆ. ಬಿದ್ದವಳು ಎದ್ದಳು. ಎದ್ದು, ಎಡಗೈಯಿಂದ ಬೀರು ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಅವನ ತೊಡೆಗೆ ಹೊಡೆದು ಎಳೆದಳು. ಹೋರಿ ಕೂಗಿಕೊಂಡು ಮೊಣಕಾಲೂರಿದ.

ಅವನು ಮೊಣಕಾಲೂರಿದ್ದನ್ನು ಆ ಅಂಗಳ ಅದುವರೆಗೆ ಕಂಡಿರಲಿಲ್ಲ. ಇಸ್ಪೀಟು ಬಿಟ್ಟು ಚಾಲಕರು ಎದ್ದರು. ಎಷ್ಟು ವರ್ಷದ ಹಲ್ಲು, ಎಷ್ಟು ವರ್ಷದ ಪಕ್ಕೆಲುಬು. ಎಲ್ಲರೂ ಒಟ್ಟಿಗೆ ಅವನ ಮೇಲೆ ಬಿದ್ದರು. ಬೂಟು, ಮುಷ್ಟಿ, ಹಗ್ಗದ ಗಂಟು, ಕೈಗೆ ಸಿಕ್ಕಿದ್ದು. ಒಬ್ಬ ಮಾಲು ಎತ್ತುವ ಕಬ್ಬಿಣದ ತಳ್ಳುಗಾಡಿಯನ್ನೇ ತಲೆಯ ಮೇಲೆ ಹಾಕಲು ಎತ್ತಿದ. ಆಗ ಬಾಗಿಲಕ್ಕ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನಡುವೆ ನುಗ್ಗಿ, ತಮ್ಮನ ಮೇಲೆ ಅಡ್ಡ ಮಲಗಿದಳು. ಅವಳ ಬೆನ್ನಿಗೂ ಒಂದೆರಡು ಬಿದ್ದವು. ತಳ್ಳುಗಾಡಿ ಎತ್ತಿದವನು ಅದನ್ನು ಪಕ್ಕಕ್ಕೆ ಇಳಿಸುವವರೆಗೂ ಕಣ್ಣು ಮುಚ್ಚದೆ ಅವನನ್ನೇ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ತಾಯಿ ಇಬ್ಬರ ಹಾಸಿಗೆಗಳ ನಡುವೆ ನಿಂತು, ಇದೇನೇ ಇದು ಎಂದು ಕೇಳಿದಳು. ಇವನು ನನಗೆ ಹೊಡೆದ, ಎಲ್ಲರೂ ಸೇರಿ ಇವನಿಗೆ ಹೊಡೆದರು, ನಿನ್ನ ಅಳಿಯನ ಕಾಲನ್ನು ಮುರಿದದ್ದೂ ಇವನೇ ಎಂದಳು ಬಾಗಿಲಕ್ಕ. ಮುದುಕಿ ಮಗನ ಹಾಸಿಗೆಯ ಕಡೆ ಕುರ್ಚಿ ಎಳೆದುಕೊಂಡು ಕೂತಳು. ಮಗಳ ಮನೆಗೆ ಮತ್ತೆ ಕಾಲಿಡಲಿಲ್ಲ.

ದಲ್ಲಾಳಿ ಮುರಿದ ಹಲ್ಲನ್ನು ಕಟ್ಟಿಸಿಕೊಂಡು ಹೊಸ ಲ್ಯಾಪ್‌ಟಾಪಿನೊಂದಿಗೆ ವಾಪಸು ಬಂದ. ಅಂಗಳದ ಆ ತುದಿಯಿಂದಲೇ ಕೇಳಿದ: “ಹಾಗಾದ್ರೆ ಸರದಿಗೆ ಏನಂತ ಬರೀಲಿ ಅಕ್ಕ?” ಯಾರ ಆರ್ಡರು ಮೊದಲು ಬಂತೋ ಅವರ ಮಾಲು ಮೊದಲು, ಯಾವ ಲಾರಿ ಮೊದಲು ಬಂತೋ ಆ ಲಾರಿಗೆ, ಎಂದಳು. ಇಷ್ಟೇನಾ ಎಂದ. ಇಷ್ಟೇ, ಬರೆದುಕೋ ಎಂದಳು.

ಯಜಮಾನರು ಹೋರಿಯನ್ನು ಕೆಲಸದಿಂದ ತೆಗೆಯಲಿಲ್ಲ. ಅವನ ಲಾರಿ ಅವರಿಗೆ ಬೇಕಿತ್ತು, ಅವನಿಗೆ ಬೇರೆ ದಾರಿ ಇರಲಿಲ್ಲ. ಗಾಯ ಒಣಗಿದ ಮೇಲೆ ಒಂದು ಬೆಳಿಗ್ಗೆ ಬಂದ. ಮುಂದೆ ಎಷ್ಟೋ ಲಾರಿಗಳಿದ್ದವು. ಎಂಜಿನ್ ಬಂದ್ ಮಾಡದೆ, ಕೆಳಗಿಳಿಯದೆ ಕೂತೇ ಇದ್ದ. ಯಾರೂ ಅವನ ಕಡೆ ನೋಡಲಿಲ್ಲ, ಯಾರೂ ಅವನಿಗೆ ಬೆನ್ನು ತಿರುಗಿಸಲೂ ಇಲ್ಲ.

ಅವನ ಸರದಿ ಬಂತು. ಲಾರಿ ಹಿಮ್ಮುಖವಾಗಿ ಕಟ್ಟೆಗೆ ತಾಗುವಂತೆ ಬರಬೇಕು. ಹಿಂದೆ ನಿಂತು ಕೈಸನ್ನೆ ಮಾಡುವುದು ಬಾಗಿಲು ನೋಡುವವರ ಕೆಲಸ. ಆವತ್ತು ತಾನು ನಿಲ್ಲುತ್ತೇನೆ ಎಂದು ಹಮಾಲನೊಬ್ಬ ಮುಂದೆ ಬಂದ. ಬಾಗಿಲಕ್ಕ ಅವನನ್ನು ಪಕ್ಕಕ್ಕೆ ಸರಿಸಿ, ಲಾರಿಗೂ ಸಿಮೆಂಟು ಕಟ್ಟೆಗೂ ನಡುವೆ ಹೋಗಿ ನಿಂತಳು. ಸೊಟ್ಟಗೆ ಕೂಡಿಕೊಂಡಿದ್ದ ಕೈ ಎತ್ತಿ, ಬಾ, ಬಾ, ಬಾ ಎಂದಳು. ಲಾರಿ ಬಂತು. ಬೆನ್ನಿಗೆ ಕಟ್ಟೆ ಒತ್ತಿತು. ಸಾಕು ಎಂದಳು. ಲಾರಿ ಇನ್ನೂ ಬಂತು. ಹಿಂಬದಿಯ ಹಲಗೆ ಅವಳ ಎದೆಗೆ ತಗಲಿತು, ಪಕ್ಕೆಲುಬು ಬಾಗುವಷ್ಟು ಒತ್ತಿತು, ನಿಂತಿತು.

ಕಿಟಕಿಯಿಂದ ಹೋರಿಯ ದನಿ ಬಂತು. “ಮುಂದಿನ ಸಲ ನಿಲ್ಲಿಸಲ್ಲ.”

“ಮುಂದಿನ ಸಲಾನೂ ಇಲ್ಲೇ ನಿಂತಿರ್ತೀನಿ,” ಎಂದಳು ಬಾಗಿಲಕ್ಕ, ಬರುತ್ತಿದ್ದ ಅಷ್ಟೇ ಉಸಿರಿನಲ್ಲಿ. “ಈಗ ಒಂದು ಗೇಣು ಮುಂದೆ ತಗೋ. ಮಾಲು ಹಾಕಬೇಕು.”

ಎಂಜಿನ್ ಒಮ್ಮೆ ಜೋರಾಗಿ ಗುಡುಗಿತು. ಆಮೇಲೆ ಲಾರಿ ಒಂದು ಗೇಣು ಮುಂದೆ ಹೋಯಿತು.