ಹಿರಿಯೂರಿನಲ್ಲಿ ಕುಡಿದ ಎರಡು ಲೀಟರ್ ನೀರು

ಹೊಸದುರ್ಗದಿಂದ ಬೆಳಗಿನ ಐದೂವರೆಗೆ ಹೊರಡಬೇಕಿದ್ದ ಬಸ್ಸು ಐದೂ ಐವತ್ತಕ್ಕೆ ಹೊರಟಿತು. ಆ ಇಪ್ಪತ್ತು ನಿಮಿಷದಲ್ಲೇ ನನಗೆ ಎರಡು ಸಲ ಸಿಟ್ಟು ಬಂದಾಗಿತ್ತು. ಮೊದಲನೆಯದು ಡ್ರೈವರ್ ನನ್ನ ಕಿಟಕಿಯ ಕೆಳಗೇ ನಿಂತು ಸೊರ್ ಸೊರ್ ಎಂದು ಟೀ ಹೀರುತ್ತಿದ್ದುದಕ್ಕೆ. ಹಿಂದಿನ ಮಧ್ಯಾಹ್ನದಿಂದ ಒಂದು ಗುಟುಕು ನೀರೂ ಕುಡಿಯದವನಿಗೆ ಅದನ್ನು ಕೇಳಿಸಿಕೊಂಡು ಕೂರುವುದು ಸುಲಭವಲ್ಲ. ಎರಡನೆಯದು ಕಂಡಕ್ಟರನಿಗೆ. ಟಿಕೆಟ್ ಕೊಡುತ್ತಾ ನನ್ನ ಗುಳಿಬಿದ್ದ ಕೆನ್ನೆ ನೋಡಿ, "ಏನ್ ಸಾರ್, ಶುಗರ್ರಾ?" ಎಂದ.

ಶುಗರ್ರಂತೆ! ನಾನು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ವಯಸ್ಸು ನಲವತ್ತಮೂರು, ಹದಿನೈದು ವರ್ಷದಿಂದ ದೇಹದಾರ್ಢ್ಯದ ಹುಚ್ಚು. ಆ ಭಾನುವಾರ ಹಿರಿಯೂರಿನಲ್ಲಿ ಒಂದು ಸ್ಪರ್ಧೆಯಿತ್ತು. ಇಂಜೆಕ್ಷನ್ನು, ಮಾತ್ರೆ ಮುಟ್ಟದವರಿಗೆ ಮಾತ್ರ ಎಂದು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ನಲವತ್ತು ದಾಟಿದವರಿಗೆ ಬೇರೆ ವಿಭಾಗ. ಅದಕ್ಕಾಗಿ ಹದಿನಾಲ್ಕು ವಾರ ಊರಿನವರ ರಾಗಿಯನ್ನೆಲ್ಲ ಬೀಸಿಕೊಟ್ಟೂ ಒಂದು ಮುದ್ದೆ ತಿಂದಿರಲಿಲ್ಲ. ಮೊಟ್ಟೆಯ ಬಿಳಿ, ಬೇಯಿಸಿದ ಹೆಸರುಕಾಳು, ಸೌತೆಕಾಯಿ. ಕೊನೆಯ ದಿನ ನೀರೂ ಬಂದ್. ಚರ್ಮದಡಿಯ ನೀರು ಇಳಿದರೆ ಸ್ನಾಯುಗಳ ಗೆರೆ ಎದ್ದು ಕಾಣುತ್ತವೆ ಎಂಬುದು ನಮ್ಮ ಮಂದಿಯ ನಂಬಿಕೆ. ಗಿರಣಿಗೆ ಬರುವವರಲ್ಲಿ ಅರ್ಧ ಜನ ನನಗೆ ಕಾಯಿಲೆ ಎಂದರು. ಉಳಿದರ್ಧ, "ಯಾವ ಇಂಜೆಕ್ಷನ್ ಹಾಕಿಸ್ಕಂತೀಯಪ್ಪ?" ಎಂದು ಕೇಳಿದರು. ಪಾಪ, ಕಷ್ಟಪಡುತ್ತಿದ್ದಾನೆ ಎಂದವನು ಒಬ್ಬನೂ ಇಲ್ಲ.

ಹಿರಿಯೂರಿಗೆ ಮಾರಿಕಣಿವೆಯ ಕಡೆಯಿಂದ ನೇರ ದಾರಿಯಿದೆ. ಆದರೂ ಹೊಳಲ್ಕೆರೆ, ಚಿತ್ರದುರ್ಗ ಎಂದು ಸುತ್ತು ಹಾಕಿ ಹೊರಟಿದ್ದು ಅಕ್ಕನಿಗಾಗಿ. ಅವಳಿರುವುದು ಹೊಳಲ್ಕೆರೆಯಲ್ಲಿ. ಮೂರು ವರ್ಷದ ಹಿಂದೆ ನಮ್ಮ ಭಾವ ಕಿಡ್ನಿ ಹೋಗಿ ತೀರಿಕೊಂಡರು. ಮೂಟೆ ಹೊತ್ತು ನೋಯುವ ಸೊಂಟಕ್ಕೆ ಯಾರೋ ಕಾಂಪೌಂಡರನ ಹತ್ತಿರ ವರ್ಷಗಟ್ಟಲೆ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಅಕ್ಕನಿಗೆ ನನ್ನ ತೋಳು ಕಂಡರೆ ಭಯ. ಫೋನ್ ಮಾಡಿದಾಗೆಲ್ಲ ಸೂಜಿ ಚುಚ್ಚಿಸಿಕೊಳ್ಳುತ್ತೀಯಾ ಎಂಬ ಅದೇ ಪ್ರಶ್ನೆ, ಅದೇ ಆಣೆ. ಔಷಧಿ ಇಲ್ಲದವರ ಸ್ಪರ್ಧೆ, ನೀನೇ ಬಂದು ನೋಡು ಎಂದು ನಾನೇ ಕರೆದಿದ್ದೆ. ಅವಳ ಕಣ್ಣೆದುರು ಒಂದು ಸಲ ಗೆದ್ದರೆ ಆ ಅನುಮಾನ ಸಾಯುತ್ತದೆ ಎಂದುಕೊಂಡಿದ್ದೆ.

ಸುಮಾರು ಮೂವತ್ತು ಕಿಲೋಮೀಟರ್ ಬಂದು ಏಳಕ್ಕೆ ಹೊಳಲ್ಕೆರೆ ಸೇರಿದೆವು. ನಿಲ್ದಾಣದಲ್ಲಿ ಸ್ಟೀಲ್ ಡಬ್ಬಿ ಹಿಡಿದು ಕಾಯುತ್ತಿದ್ದ ಅಕ್ಕ ಹತ್ತಿ ಪಕ್ಕದಲ್ಲಿ ಕೂತಳು. ಅವಳಿಗೆ ಟಿಕೆಟ್ ಫ್ರೀ, ನನಗೆ ದುಡ್ಡು. ಕೂತವಳೇ ಡಬ್ಬಿಯ ಮುಚ್ಚಳ ತೆಗೆದಳು. ಒಗ್ಗರಣೆ ಮಂಡಕ್ಕಿ, ಮೇಲೆ ಹುರಿಗಡಲೆ ಪುಡಿ. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

"ತಿನ್ನು."

"ಸ್ಟೇಜ್ ಇಳಿದ ಮೇಲೆ ತಿಂತೀನಕ್ಕ."

"ಒಂದು ಗುಟುಕು ನೀರಾದ್ರೂ ಕುಡಿಯಲೇ. ತುಟಿ ನೋಡ್ಕ, ಹೆಂಗೆ ಒಡೆದವೆ."

ಬೇಡ ಎಂದೆ. ಅವಳು ನನ್ನ ತೋಳನ್ನೇ ನೋಡುತ್ತಾ ಡಬ್ಬಿಯ ಮುಚ್ಚಳ ಒತ್ತಿದಳು.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿದೆವು. ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಹಿರಿಯೂರಿಗೆ ಹೆದ್ದಾರಿಯಲ್ಲಿ ಇನ್ನು ನಲವತ್ತು ಕಿಲೋಮೀಟರ್. ಗುಡ್ಡದ ಮೇಲಿನ ಗಾಳಿಯಂತ್ರಗಳು ಅರ್ಧ ನಿಂತಿದ್ದವು, ಅರ್ಧ ಸೋಮಾರಿಯಾಗಿ ತಿರುಗುತ್ತಿದ್ದವು. ಐಮಂಗಲದಲ್ಲಿ ಹತ್ತಿದವರೊಬ್ಬರು ಎಳನೀರು ಹಿಡಿದುಕೊಂಡೇ ನನ್ನ ಪಕ್ಕ ನಿಂತರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಸ್ಪರ್ಧೆ ನಡೆಯುವುದು ಒಂದು ಕಲ್ಯಾಣ ಮಂಟಪದಲ್ಲಿ. ವಧುವಿನ ಕೋಣೆಯೇ ನಮ್ಮ ಮೇಕಪ್ ಕೋಣೆ. ಬೇರೆಯವರಿಗೆಲ್ಲ ಮೈಗೆ ಬಣ್ಣ ಬಳಿಯಲು ಜಿಮ್ಮಿನ ಹುಡುಗರಿದ್ದರು, ನನಗೆ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈ ತುಂಬ ಕಂದು ಬಣ್ಣ ಸುರಿದುಕೊಂಡು ನನ್ನ ಬೆನ್ನಿಗೆ ಗೋಡೆ ಸಾರಿಸುವ ಹಾಗೆ ಸಾರಿಸಿದಳು. "ಚಿಕ್ಕೋನಿದ್ದಾಗ ಎಣ್ಣೆ ಹಚ್ಚಾಕೆ ಹೋದ್ರೆ ಓಡಿ ಹೋಗ್ತಿದ್ದೆ," ಎಂದು ನಕ್ಕಳು. ಕನ್ನಡಿಯಲ್ಲಿ ನೋಡಿಕೊಂಡೆ. ಹದಿನೈದು ವರ್ಷದಲ್ಲಿ ನನ್ನ ಮೈ ಅಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ನಮ್ಮ ವಿಭಾಗದಲ್ಲಿ ಐವರು. ಉಳಿದ ನಾಲ್ವರನ್ನು ಕಣ್ಣಲ್ಲೇ ಅಳೆದೆ. ಮೊದಲ ಸ್ಥಾನ ನನ್ನದೇ ಎಂದು ಖಾತ್ರಿಯಾಯಿತು.

ಅದು ಇನ್ನೊಬ್ಬನಿಗೂ ಖಾತ್ರಿಯಾಗಿತ್ತು. ನಾಲ್ವರಲ್ಲಿ ಒಬ್ಬನ ಟ್ರೈನರ್ ಹೋಗಿ ವ್ಯವಸ್ಥಾಪಕನನ್ನು ಕರೆತಂದ. "ನಲವತ್ಮೂರಕ್ಕೆ ನರ ಹಿಂಗೆ ಎದ್ದವೆ ಅಂದ್ರೆ ಸೂಜಿ ಇಲ್ದೆ ಆಗಾದಲ್ಲ. ಟೆಸ್ಟ್ ಮಾಡ್ರಿ," ಎಂದ, ನನ್ನ ಮುಖ ಕೂಡ ನೋಡದೆ.

"ಮಾಡ್ರಿ, ಐದು ಜನಕ್ಕೂ ಮಾಡ್ರಿ!" ಎಂದೆ.

"ಕಿಟ್ ಒಂದೇ ಐತೆ ಸಾರ್," ಎಂದ ವ್ಯವಸ್ಥಾಪಕ. "ದೂರು ಬಂದಿರಾದು ನಿಮ್ ಮೇಲೆ. ಸ್ಟೇಜ್ ಹತ್ತೋಕ್ಕಿಂತ ಮೊದ್ಲೇ ಮೂತ್ರ ಕೊಟ್ಬಿಡ್ರಿ."

ಕಿಟ್ಟಿನ ಪೊಟ್ಟಣ ಕಿತ್ತುಕೊಂಡು ಓದಿದೆ. ಗಾಂಜಾ, ಅಫೀಮು ಸೇವಿಸಿದವರನ್ನು ಹಿಡಿಯುವ ಕಿಟ್ ಅದು! ಸ್ನಾಯು ಬೆಳೆಸುವ ಔಷಧಿಯ ಹೆಸರೇ ಅದರಲ್ಲಿಲ್ಲ. "ರೀ, ಇದು ಗಾಂಜಾ ಸೇದೋರಿಗೆ ಕಣ್ರಿ!" ಎಂದು ಕೂಗಿದೆ.

"ಎಲ್ಲಾ ಒಂದೇ ಬಿಡ್ರಿ ಸಾರ್. ಡ್ರಗ್ಸ್ ಅಂದ್ರೆ ಡ್ರಗ್ಸೇ."

ತಲೆ ಕೆಟ್ಟುಹೋಯಿತು. ಮೂತ್ರ ಕೊಡಲು ಮೈಯಲ್ಲಿ ನೀರಿದ್ದರೆ ತಾನೇ? ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಗೆರೆ ಮುಚ್ಚಿಹೋಗುತ್ತವೆ, ಹದಿನಾಲ್ಕು ವಾರ ಹೊಳೆ ಪಾಲು. ಕುಡಿಯುವುದಿಲ್ಲ, ಏನು ಮಾಡುತ್ತೀರೋ ಮಾಡಿಕೊಳ್ಳಿ ಎನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಪೊಟ್ಟಣದ ಮೇಲಿನ ಇಂಗ್ಲಿಷ್ ಅವಳಿಗೆ ಓದಲು ಬಾರದು. ಅವಳ ಕಿವಿಗೆ ಬಿದ್ದಿದ್ದು ಸೂಜಿ ಎಂಬ ಮಾತು, ಕಂಡಿದ್ದು ನನ್ನ ಕೂಗಾಟ.

"ಮಾಡಿಸ್ಕಳಪ್ಪ," ಎಂದಳು ಮೆಲ್ಲಗೆ. "ಏನೂ ಇಲ್ದಿದ್ರೆ ಯಾಕೆ ಹೆದರ್ತೀಯ?"

ಕುಡಿದೆ. ಒಂದು ಲೀಟರಿಗೆ ಏನೂ ಆಗಲಿಲ್ಲ. ಎರಡನೆಯದೂ ಕುಡಿದು, ಮುಕ್ಕಾಲು ಗಂಟೆ ಬಚ್ಚಲುಮನೆಯಲ್ಲಿ ಪ್ಲಾಸ್ಟಿಕ್ ಕಪ್ ಹಿಡಿದು ನಿಂತೆ. ಬಾಗಿಲಾಚೆ ಆ ಟ್ರೈನರ್, "ಆತಾ ಸಾರ್?" ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಅವನ ಕತ್ತು ಹಿಸುಕುವಷ್ಟು ಕೋಪ ಬಂದಿತ್ತು. ಈಗ ಇದನ್ನು ಬರೆಯುವಾಗಲೂ ಬರುತ್ತಿದೆ.

ಕೊನೆಗೂ ನಾಲ್ಕು ಹನಿ ಮೂತ್ರ ಕೊಟ್ಟು ವೇದಿಕೆ ಹತ್ತಿದಾಗ ಹೊಟ್ಟೆ ಡೊಳ್ಳಾಗಿತ್ತು. ಉಸಿರು ಎಳೆದು ಬಿಗಿಹಿಡಿದರೆ ಒಳಗಿನ ನೀರು ಗುಳುಗುಳು ಎಂದಿತು. ಬೆವರಿಗೆ ಅಕ್ಕ ಬಳಿದ ಬಣ್ಣ ಇಳಿದು ಚಡ್ಡಿಗೆ ಸೇರಿತು. ಐವರಲ್ಲಿ ಐದನೆಯವನಾದೆ. ಗೆದ್ದವನು ಆ ಟ್ರೈನರನ ಮನುಷ್ಯ. ಹಾಳಾಗಲಿ, ಆದರೆ ಆ ಸೂಜಿಯ ಮಾತನ್ನು ಮಾತ್ರ ಹಾಗೇ ಬಿಟ್ಟು ಹೋಗಲು ನಾನು ಸಿದ್ಧನಿರಲಿಲ್ಲ. ನಿಮ್ಮ ಕಿಟ್ ಏನು ಹೇಳಿತೋ ಅದನ್ನು ಮೈಕಿನಲ್ಲಿ ಹೇಳಿ, ಇಲ್ಲದಿದ್ದರೆ ಇಲ್ಲಿಂದ ಇಳಿಯುವುದಿಲ್ಲ ಎಂದು ಅಲ್ಲೇ ನಿಂತೆ. ವ್ಯವಸ್ಥಾಪಕ ಮೈಕ್ ಹಿಡಿದು, "ಹೊಸದುರ್ಗದ ಸ್ಪರ್ಧಿಯ ಪರೀಕ್ಷೆ ಮಾಡಿದ್ದೇವೆ. ಇವರು ಯಾವ ಔಷಧಿಯನ್ನೂ ತೆಗೆದುಕೊಂಡಿಲ್ಲ," ಎಂದ.

ಹಿಂದಿನ ಸಾಲಿನಿಂದ ಯಾವನೋ ಕೂಗಿದ: "ನೋಡಿದ್ರೇ ಗೊತ್ತಾಗುತ್ತೆ ಬಿಡ್ರಿ!"

ಇಡೀ ಮಂಟಪ ನಕ್ಕಿತು. ತೀರ್ಪುಗಾರರೂ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಎದ್ದು ಹಿಂದೆ ತಿರುಗಿ, "ಯಾವನಲೇ ಅವನು? ಅಂಗಿ ಬಿಚ್ಚಲೇ, ನಿಂದೂ ನೋಡಾಣ!" ಎಂದು ಅಬ್ಬರಿಸಿದಳು. ಆಗ ಇನ್ನೂ ಜೋರಾಗಿ ನಕ್ಕರು.

ನಾಲ್ಕು ಗಂಟೆಯ ಬಸ್ಸಿನಲ್ಲಿ ವಾಪಸು ಹೊರಟೆವು. ಡಬ್ಬಿಯ ಮಂಡಕ್ಕಿ ಪೂರ್ತಿ ತಿಂದೆ; ಮೆತ್ತಗಾಗಿತ್ತು, ರುಚಿಯೂ ಹತ್ತಲಿಲ್ಲ. ಸೋತರೂ ಅಕ್ಕನ ಎದುರಿಗೆ ಆ ಮಾತು ಹೇಳಿಸಿದೆನಲ್ಲ ಎಂಬುದೊಂದೇ ಸಮಾಧಾನ. ಐಮಂಗಲ ದಾಟುವಾಗ ಅವಳು ಬಾಯಿಬಿಟ್ಟಳು.

"ನಿನಗೊಂದು ಹೇಳ್ಬೇಕು. ಸಿಟ್ಟಾಗಬ್ಯಾಡ."

"ಏನು?"

"ನಿಮ್ ಭಾವ ಹೋದಾಗಿಂದ ನೀನು ಮನೆಗೆ ಬಂದಾಗೆಲ್ಲ, ಸ್ನಾನಕ್ಕೆ ಹೋದ ಹೊತ್ತಿಗೆ ನಿನ್ನ ಬ್ಯಾಗು ಹುಡುಕ್ತಿದ್ದೆ. ಸೂಜಿ ಐತೇನೋ ಅಂತ."

ಮೂರು ವರ್ಷ! ಆ ಟ್ರೈನರನ ಮೇಲೂ, ನಕ್ಕವರ ಮೇಲೂ ಬಾರದಷ್ಟು ಕೋಪ ಆ ಕ್ಷಣ ಬಂತು. ಕಾಲಡಿಯಿದ್ದ ಬ್ಯಾಗನ್ನು ಎತ್ತಿ ಅವಳ ತೊಡೆಯ ಮೇಲೆ ದೊಪ್ಪನೆ ಹಾಕಿದೆ.

"ತಗೋ, ಈಗ ನನ್ನ ಎದುರಿಗೇ ನೋಡು!"

ಅಳುತ್ತಾಳೆ, ತಪ್ಪಾಯಿತು ಎನ್ನುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಜಿಪ್ ಎಳೆದಳು. ಟವೆಲ್ ತೆಗೆದು ಕೊಡವಿದಳು, ಬಣ್ಣದ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು, ಮೊಟ್ಟೆಯ ಡಬ್ಬಿ ಅಲ್ಲಾಡಿಸಿದಳು. ಪಕ್ಕದ ಜೇಬಿಗೂ ಕೈ ಹಾಕಿ ತಳದವರೆಗೆ ತಡಕಿದಳು.