ಬ್ಯಾಡ ಅಂದಿದ್ದ ಮಿಸ್ತ್ರಿ

ಮೊನ್ನೆ ಬೈಲಹೊಂಗಲದ ಬಜಾರಿನಲ್ಲಿ ಹಾಯುವಾಗ ವೈರು ಸುಟ್ಟ ವಾಸನೆ ಬಂತು. ಅಂಗಡಿಯೊಂದರ ಕಟ್ಟೆಯ ಮೇಲೆ ಯಾರೋ ಮಿಕ್ಸರಿನ ಮೋಟರು ಬಿಚ್ಚಿಕೊಂಡು ಕುಳಿತಿದ್ದರು. ಮೂಗು ಮುಚ್ಚಿಕೊಂಡು ದಾಟಿ ಹೋಗುವಂಥ ವಾಸನೆ. ನಾನು ಮಾತ್ರ ನಿಂತೆ. ಅದರ ಬೆನ್ನಿಗೇ ನಮ್ಮ ಮಿಸ್ತ್ರಿ ಕಾಕಾ ನೆನಪಿಗೆ ಬಂದುಬಿಟ್ಟರು...

ಸವದತ್ತಿ ರಸ್ತೆಯ ಬದಿಗೆ ಅವರದೊಂದು ತಗಡಿನ ಗ್ಯಾರೇಜಿತ್ತು. ತೊಂಬತ್ತರ ದಶಕದಲ್ಲಿ, ಹತ್ತಿ ಚೀಲ ಹೊರುತ್ತಿದ್ದ ನಾನು ಒಂದು ಹಳೆ ಲಾರಿಗೆ ಮಾಲಕನಾದಾಗ, ಅದನ್ನು ಓಡುವ ಹಾಗೆ ಮಾಡಿಕೊಟ್ಟವರು ಅವರೇ. ಅವರದೊಂದು ರೀತಿ ಇತ್ತು. ಬಾನೆಟ್ಟು ಎತ್ತುವ ಮೊದಲು, ಲೋಡು ತುಂಬಿದ ಗಾಡಿಯಲ್ಲಿ ಮುರಗೋಡದ ತನಕ ಕುಳಿತು ಬರುತ್ತಿದ್ದರು. ಕಣ್ಣು ಮುಚ್ಚಿ, ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು. ಇಳಿದ ಮೇಲೆ, "ಎರಡನೇ ಸಿಲಿಂಡರಿಗೆ ಡಿಸೇಲ್ ಸಾಲವಲ್ದರಿ" ಎನ್ನುವರು. ಬಿಚ್ಚಿ ನೋಡಿದರೆ ಎರಡನೆಯದೇ. ಖಾಲಿ ಗಾಡಿ ಓಡಿಸಿ ತೋರಿಸಲು ಬಂದವರಿಗೆ, "ಖಾಲಿ ಗಾಡಿ ಸುಳ್ಳ ಹೇಳತೈತ್ರಿ, ತುಂಬಕೊಂಡು ಬರ್ರಿ" ಎಂದು ನಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಅಷ್ಟರಲ್ಲಿ ನಾನು ಅದೇ ಲಾರಿಯ ಚಾಸಿ ಉದ್ದ ಮಾಡಿಸಿ, ಹಿಂದೆ ಸ್ಪ್ರಿಂಗಿನ ಪಾಟಾ ಹೆಚ್ಚಿಗೆ ಹಾಕಿಸಿ, ಜಾಸ್ತಿ ಲೋಡಿಗೆ ತಯಾರು ಮಾಡಿದ್ದೆ. ಇಂಜಿನ್ನು ಮಾತ್ರ ಮುದಿಯಾಗಿತ್ತು. ಕೊಲ್ಲಾಪುರದ ಕಡೆ, ಅಪಘಾತದಲ್ಲಿ ಜಜ್ಜಿಹೋದ ಹೊಸ ನಮೂನೆಯ ಲಾರಿಯ ಇಂಜಿನ್ನು ಅಗ್ಗಕ್ಕೆ ಸಿಕ್ಕಿತು. ಎಷ್ಟು ಡಿಸೇಲು, ಯಾವಾಗ ಎನ್ನುವುದನ್ನೆಲ್ಲ ಕಂಪ್ಯೂಟರ್ ಡಬ್ಬಿಯೇ ನಡೆಸುವ ಇಂಜಿನ್ನು. ಅದರ ಸ್ವಂತ ಡಬ್ಬಿ ಪುಡಿಯಾಗಿತ್ತು. ಮಾರಿದವನು ಬೇರೆ ಯಾರೋ ಮಾಡಿದ ಡಬ್ಬಿಯೊಂದನ್ನು ತೋರಿಸಿ, ಯಾವ ಗಾಡಿಗಾದರೂ ಕೂಡುತ್ತದೆ ಎಂದ. ಅರ್ಧ ದಿನ ಜಗ್ಗಾಡಿ ಎರಡನ್ನೂ ತಂದೆ. ಗೆದ್ದು ಬಂದೆ ಎಂದುಕೊಂಡೆ.

ಕಾಕಾ ಎರಡು ದಿನ ಗಾಡಿಯ ಸದ್ದು ಕೇಳಿದರು. ಹಳೆ ಇಂಜಿನ್ನಿನಲ್ಲೇ ಒಮ್ಮೆ ಲೋಡಿನ ಸಂಗಡ ರಾಮದುರ್ಗಕ್ಕೆ ಹೋಗಿ ಬಂದರು. ಲಾರಿಯ ಕೆಳಗೆ ಮಲಗಿ ವೈರು ನೋಡಿದರು. ಆಮೇಲೆ ಹೇಳಿದರು:

"ಬ್ಯಾಡ್ರಿ ಮಾಲಕರ. ಇಂಜಿನ್ ಚಲೋ ಐತಿ. ಡಬ್ಬಿನೂ ಚಲೋ ಇದ್ದೀತು. ನಿಮ್ಮ ಗಾಡಿಗೆ ಹೊಂದೂದಿಲ್ಲ. ವೈರಿಗೆ ಹತ್ತ ಕಡೆ ಗಂಟ ಹಾಕೇವಿ, ಚಾಸಿ ಜಂಗ ಹಿಡದೈತಿ. ಡಬ್ಬಿಗೆ ಕರೆಂಟ ಒಂದ ಸಮ ಬೇಕು, ಇದರಾಗ ಎಲ್ಲಿಂದ ಬರತೈತಿ? ಮ್ಯಾಲ, ತೊರಗಲ್ಲಿನ ಹೊರಗ ನಿಂತರ ಇದನ್ನ ನೋಡಾಂವ ಯಾಂವ ಅದಾನ? ಇಂಜಿನ್ ಮಾರಿಬಿಡ್ರಿ. ನಿಮ್ಮ ಹಳೇದನ್ನ ನಾ ಹೊಸಾದು ಮಾಡಿ ಕೊಡತೇನಿ."

ಜೀವನವಿಡೀ ಚೌಕಾಶಿ ಮಾಡಿ ಬದುಕಿದವನು ನಾನು. ಎದುರಿನವ ಬೇಡ ಎಂದರೆ ಅದು ನನ್ನ ಕಿವಿಗೆ ಅವನ ಮೊದಲನೇ ರೇಟಿನಂತೆ ಕೇಳುತ್ತದೆ.

"ಎಷ್ಟಾದ್ರ ಹೂಂ ಅಂತೀರಿ ಕಾಕಾ?" ಎಂದೆ.

"ರೊಕ್ಕದ ಮಾತಲ್ಲರಿ ಇದು."

"ಎಲ್ಲಾ ರೊಕ್ಕದ ಮಾತ. ಇಲ್ಲಂದ್ರ, ಇಂಗ್ಲಿಷ ಓದಾಕ ಬರೂದಿಲ್ಲ ಅಂತಾದ್ರೂ ಹೇಳ್ರಿ. ಹುಬ್ಬಳ್ಳಿಗೆ ಒಯ್ತೇನಿ."

ಅಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರುಗಳು ನಕ್ಕರು. ಕಾಕಾ ನಗಲಿಲ್ಲ. ಡಬ್ಬಿಯ ಜೊತೆ ಬಂದಿದ್ದ ಇಂಗ್ಲಿಷ್ ನಕಾಶೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಸಂಜೆ ಒಬ್ಬ ಮಾಸ್ತರರ ಮನೆಗೆ ಹೋಗಿ ಅದನ್ನು ಓದಿಸಿದರಂತೆ. ಎಂಟು ದಿನ ಕೆಲಸ. ಒಂದೊಂದು ವೈರಿಗೂ ಬಿಳಿ ಬಟ್ಟೆಯ ಚೂರು ಕಟ್ಟಿ, ಅದರ ಮೇಲೆ ಕನ್ನಡದಲ್ಲಿ ಹೆಸರು ಬರೆದಿದ್ದರು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮತ್ತೆ ಯಾವ ಗ್ಯಾರೇಜಿನಲ್ಲೂ ನೋಡಿಲ್ಲ...

ಹದಿನೈದು ದಿನ ಗಾಡಿ ಕುದುರೆಯಂತೆ ಓಡಿತು. ಆಮೇಲೆ ಸವದತ್ತಿ ಗುಡ್ಡದ ಏರಿನಲ್ಲಿ, ಹತ್ತಿ ತುಂಬಿದಾಗ, ಸುಮ್ಮನೆ ನಿಂತುಬಿಟ್ಟಿತು. ತಣ್ಣಗಾದ ಮೇಲೆ ಮತ್ತೆ ಶುರು. ಇನ್ನೊಮ್ಮೆ ಸಾಲಹಳ್ಳಿ ದಾಟಿ ನಿಂತಿತು. ಮೂರನೇ ಸಲ ಡಬ್ಬಿಯ ಹತ್ತಿರ ವೈರೇ ಸುಟ್ಟು ಕ್ಯಾಬಿನ್ನೆಲ್ಲ ಹೊಗೆ. ಮೂರೂ ಸಲ ಕಾಕಾ ಬಸ್ಸು ಹಿಡಿದು ಬಂದರು. "ನಾ ಮೊದಲ ಹೇಳಿದ್ದೆ" ಎಂದು ಒಮ್ಮೆಯೂ ಅನ್ನಲಿಲ್ಲ. ಕೊನೆಯ ಸಲ ಕಣ್ಣು ಮುಚ್ಚಿ, ಮುಚ್ಚಳದ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕುಳಿತರು.

"ಇದು ನನ್ನ ಕೂಡ ಮಾತಾಡೂದ ಇಲ್ಲಲ್ರಿ" ಎಂದರು.

ನಾನು ಲಾರಿ ಮಾರಲು ನಿಂತೆ. ರಾಮದುರ್ಗದಿಂದ ಒಬ್ಬ ಗಿರಾಕಿ ಬಂದ. ಗಾಡಿ ಕಾಕಾನ ಗ್ಯಾರೇಜಿನಲ್ಲೇ ಇತ್ತು. ಆತ ಎಲ್ಲ ನೋಡಿ, ಡಬ್ಬಿಗೆ ಬೆರಳು ತೋರಿಸಿ, "ದಾರ್ಯಾಗ ನಿಂದರತೈತಂತಲ್ರಿ, ಇದರದ ಕಾಟ ಏನು?" ಎಂದ. ಹೌದು ಎಂದರೆ ಗಾಡಿ ಗುಜರಿಯ ರೇಟಿಗೆ ಇಳಿಯುತ್ತಿತ್ತು. ನನ್ನ ನಾಲಿಗೆ ತಡವರಿಸಲೇ ಇಲ್ಲ.

"ಡಬ್ಬಿ ಅಗದೀ ಚಲೋ ಐತ್ರಿ. ಕೂಡಿಸಿದ್ದ ಸರಿ ಇಲ್ಲ. ಹುಬ್ಬಳ್ಳ್ಯಾಗ ಒಂದ ದಿನದ ಕೆಲಸ."

ಗಿರಾಕಿ ಹೊರಳಿ ಕಾಕಾನನ್ನೇ ಕೇಳಿದ: "ಹೌದೇನ್ರಿ ಮಿಸ್ತ್ರಿ?"

ಕಾಕಾ ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ನಾನು ಟಾಯರು ನೋಡುತ್ತ ನಿಂತಿದ್ದೆ.

"ಹೌದ್ರಿ. ನನ್ನ ಕೈ ತಪ್ಪೈತಿ."

ವ್ಯವಹಾರ ಕುದುರಿತು. ಗಿರಾಕಿ ಹೋದ ಮೇಲೆ ನಾನು ಹಲ್ಲು ಕಿಸಿದೆ. "ಕಾಕಾ, ವ್ಯಾಪಾರಕ್ಕ ಅಂದ್ನಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಇಲ್ಲ ಮಾಲಕರ" ಎಂದರು. "ಖರೇನ ನನ್ನ ಕೈಯ ತಪ್ಪಿತೋ ಏನೋ ಅಂತ ನನಗೂ ಅನಸಾಕತ್ತೈತಿ."

ಸಿಟ್ಟು ಮಾಡಿದ್ದರೆ, ಬೈದಿದ್ದರೆ, ನಾನು ಹೇಗೋ ರಮಿಸುತ್ತಿದ್ದೆ. ಆ ಮಾತು ಕೇಳಿ ಗ್ಯಾರೇಜಿನಿಂದ ಹೊರಟುಬಿಟ್ಟೆ.

ಗಿರಾಕಿಯ ಬಾಯಿಂದ ಮಾತು ರಾಮದುರ್ಗಕ್ಕೆ ಹೋಯಿತು, ಅಲ್ಲಿಂದ ಲಾರಿಗಳ ಜೊತೆ ಎಲ್ಲ ಕಡೆ. ಗ್ಯಾರೇಜಿನ ಮುಂದೆ ಗಾಡಿ ನಿಲ್ಲುವುದು ಕಡಿಮೆಯಾಯಿತು. ಬಂದ ಒಂದೆರಡು ಗಾಡಿಗಳ ಡಿಸೇಲ್ ಪಂಪನ್ನು ಅವರು ಬಿಚ್ಚಿ, ಕೂಡಿಸಿ, ನಂಬಿಕೆ ಸಾಲದೆ ಮತ್ತೆ ಬಿಚ್ಚುತ್ತಿದ್ದರಂತೆ. ಮುರಗೋಡದ ತನಕ ಕುಳಿತು ಬರುವುದನ್ನು ಬಿಟ್ಟರು. ವರ್ಷದೊಳಗೆ ತಗಡಿನ ಬಾಗಿಲಿಗೆ ಕೀಲಿ ಬಿತ್ತು. ಹತ್ತಿ ಮಿಲ್ಲೊಂದರ ಗೇಟಿನಲ್ಲಿ ಅವರನ್ನು ಎರಡು ಸಲ ಕಂಡೆ. ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ. ಎರಡೂ ಸಲ ಕೈ ಎತ್ತಿ ನಮಸ್ಕಾರ ಮಾಡಿದರು. ನಾನು ಗಾಡಿ ನಿಲ್ಲಿಸಲಿಲ್ಲ... ತೀರಿಕೊಂಡ ಸುದ್ದಿ ಕಿತ್ತೂರಿನಲ್ಲಿ ಲೋಡು ಇಳಿಸುವಾಗ ಸಿಕ್ಕಿತು. ಮಣ್ಣು ಕೊಡಲು ಹೋಗಬಹುದಿತ್ತು, ಹೊತ್ತು ಇತ್ತು. ಹೋಗಲಿಲ್ಲ.

ಈಗ ನನಗೆ ನಾಲ್ಕು ಗಾಡಿಗಳು. ಹಳೆ ಲಾರಿ ತಗೊಳ್ಳುವವರು, ಇಂಜಿನ್ನು ಬದಲಿಸುವವರು ನನ್ನನ್ನು ಕೇಳಲು ಬರುತ್ತಾರೆ. ಕೇಳದವರಿಗೂ ಹೇಳುತ್ತೇನೆ: ಹಳೆ ಗಾಡಿಗೆ ಡಬ್ಬಿ ಹಾಕುವ ಮೊದಲು ಡಬ್ಬಿ ನೋಡಬೇಡಿ, ನಿಮ್ಮ ವೈರು ನೋಡಿ, ಚಾಸಿಯ ತುಕ್ಕು ನೋಡಿ. ಕೆಟ್ಟಾಗ ನೋಡುವವನು ಎಷ್ಟು ದೂರ ಇದ್ದಾನೆ ಕೇಳಿ. ತಲೆ ಅಲ್ಲಾಡಿಸಿ, ಶಾಣ್ಯಾ ಮನುಷ್ಯ ಎಂದುಕೊಂಡು ಹೋಗುತ್ತಾರೆ. ಅದರಲ್ಲಿ ನನ್ನದು ಎನ್ನುವ ಮಾತು ಒಂದೂ ಇಲ್ಲ.

ಮೊನ್ನೆ ಆ ಬಜಾರಿನಿಂದ ಸೀದಾ ಸ್ಟ್ಯಾಂಡಿನ ಚಹಾದಂಗಡಿಗೆ ಹೋದೆ. ಐದಾರು ಲಾರಿಯವರು ಕುಳಿತಿದ್ದರು. ಯಾರೂ ಕೇಳಿರಲಿಲ್ಲ, ನಾನೇ ಶುರು ಮಾಡಿದೆ. ಎಲ್ಲ ಹೇಳಿದೆ. ಕಾಕಾ ಬೇಡ ಎಂದದ್ದು, ನಾನು ಹಂಗಿಸಿದ್ದು, ಗಿರಾಕಿಯ ಮುಂದೆ ನಾನು ಆಡಿದ ಸುಳ್ಳು. ತಪ್ಪು ಮಿಸ್ತ್ರಿಯದಲ್ಲ, ನನ್ನದು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಮಿಸ್ತ್ರೀರಿ?" ಎಂದ ಒಬ್ಬ.

ಸವದತ್ತಿ ರಸ್ತೆ, ತಗಡಿನ ಗ್ಯಾರೇಜು ಎಂದೆ.

"ಅಲ್ಲಿ ಗ್ಯಾರೇಜ ಇತ್ತೇನ್ರಿ?"

ಕೆಡಿಸಿದ ಹೆಸರನ್ನು ತಿರುಗಿ ಕೊಡಬೇಕೆಂದರೆ, ಆ ಹೆಸರು ಕೇಳಿದವರು ಯಾರಾದರೂ ಉಳಿದಿರಬೇಕಲ್ಲ...